ಹ್ಯಾಲೋವೀನ್ ಭೂತಬಂಗಲೆಗೆ ಮನೆಮಂದಿಯೊಂದಿಗೆ ಹೋಗುವುದಿದೆ: ಹೆದರಿಕೆಯನ್ನು ಸವಿಯುವುದು ಹೇಗೆ?

ಯಗಚಿ ತೀರ (ಹಾಸನ)

ಎಲ್ಲರಿಗೂ ನಮಸ್ಕಾರ. ಬರುವ ಅಕ್ಟೋಬರ್‌ನ ದಸರಾ ರಜೆಯಲ್ಲಿ ನಾವು ಐದು ಜನ ಸಿಂಗಪುರಕ್ಕೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಪಿಯುಸಿ ಓದುತ್ತಿರುವ ಮಗಳು, ಒಂಬತ್ತು ವರ್ಷದ ಮಗ ಹಾಗೂ ಅರವತ್ತು ದಾಟಿದ ನಮ್ಮ ಅತ್ತೆಯವರು. ಸೆಂಟೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಮನರಂಜನಾ ಉದ್ಯಾನದಲ್ಲಿ ಆ ದಿನಗಳಲ್ಲಿ ರಾತ್ರಿ ಹೊತ್ತು 'ಹ್ಯಾಲೋವೀನ್ ಹಾರರ್ ನೈಟ್ಸ್' ಎಂಬ ಭೂತಬಂಗಲೆಗಳ ಕಾರ್ಯಕ್ರಮ ನಡೆಯುತ್ತದೆಂದು ಮಗಳು ಪತ್ತೆಹಚ್ಚಿದ್ದಾಳೆ. ಅದಕ್ಕೆ ಹೋಗದಿದ್ದರೆ ಸಿಂಗಪುರವೇ ಬೇಡ ಎನ್ನುವಷ್ಟು ಹಠ ಹಿಡಿದಿದ್ದಾಳೆ. ಅತ್ತೆಯವರದು ಒಂದೇ ಷರತ್ತು, ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿಗೆ ಊರಿಗೆ ಮರಳಿರಬೇಕು.

ನಾನು ಕಂಡಿರುವ ಭೂತಬಂಗಲೆಯೆಂದರೆ ಇಲ್ಲಿನ ವಸ್ತುಪ್ರದರ್ಶನಗಳಲ್ಲಿ ತಗಡಿನ ಶೀಟು ಹೊಡೆದು ಕಟ್ಟುತ್ತಿದ್ದ ಬಂಗಲೆ ಮಾತ್ರ. ಕತ್ತಲಲ್ಲಿ ಯಾರೋ ಕಾಲು ಎಳೆದರೆ ಕಿರುಚಿ ಹೊರಗೆ ಓಡಿಬರುವುದು, ಅಷ್ಟೇ. ಇಷ್ಟು ಹಣ ತೆತ್ತು ಹೋಗುವಾಗ ಅದನ್ನು ಸರಿಯಾಗಿ ಅನುಭವಿಸಬೇಕೆಂಬ ಆಸೆ. ಏನು ತಯಾರಿ ಬೇಕು, ಸಾಲಿನಲ್ಲಿ ರಾತ್ರಿಯೆಲ್ಲ ಕಳೆಯದಿರಲು ಏನು ಮಾಡಬೇಕು, ಮಗನನ್ನೂ ಅತ್ತೆಯವರನ್ನೂ ಕರೆದೊಯ್ಯುವುದು ಸರಿಯೇ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ.

ಸಕಲೇಶಪುರದ ಮಳೆ (ಸದ್ಯ ಸಿಂಗಪುರ)

ನಾನು ಸಕಲೇಶಪುರದವನು, ಕೆಲಸದ ನಿಮಿತ್ತ ಇಲ್ಲಿದ್ದೇನೆ. ಮೊದಲು ವ್ಯವಹಾರದ ಮಾತು ಮುಗಿಸೋಣ. ಹಗಲು ಉದ್ಯಾನ ನೋಡುವ ಟಿಕೆಟ್ ಬೇರೆ, ಈ ರಾತ್ರಿಯ ಟಿಕೆಟ್ ಬೇರೆ. ಕಾರ್ಯಕ್ರಮವಿರುವ ದಿನ ಹಗಲಿನ ಪ್ರೇಕ್ಷಕರಿಗೆ ಉದ್ಯಾನವನ್ನು ಬೇಗನೆ ಮುಚ್ಚುತ್ತಾರೆ. ಇಲ್ಲಿ ಇದು 2011ರಲ್ಲಿ ಆರಂಭವಾಯಿತು, ಕೋವಿಡ್‌ನಿಂದಾಗಿ 2020 ಮತ್ತು 2021ರಲ್ಲಿ ನಡೆಯದೆ 2022ರಲ್ಲಿ ಮರಳಿತು. ಪ್ರತಿದಿನವೂ ಇರುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ಭಾಗದವರೆಗೆ ಆಯ್ದ ರಾತ್ರಿಗಳಲ್ಲಿ ಮಾತ್ರ ಇರುತ್ತದೆ, ಆದ್ದರಿಂದ ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಆ ವರ್ಷದ ದಿನಾಂಕಗಳ ಪಟ್ಟಿಯನ್ನು ನೋಡಿಕೊಳ್ಳಿ. ಶುಕ್ರವಾರ, ಶನಿವಾರಗಳಲ್ಲಿ ಜನ ಹೆಚ್ಚು, ದರವೂ ಹೆಚ್ಚು. ಹ್ಯಾಲೋವೀನ್ ದಿನವಾದ ಅಕ್ಟೋಬರ್ 31ರ ಆಸುಪಾಸಿಗಿಂತ ತಿಂಗಳ ಮೊದಲ ಭಾಗ ಹಗುರ. ನಿಮ್ಮ ದಸರಾ ರಜೆ ಆ ಮಟ್ಟಿಗೆ ಅನುಕೂಲವೇ ಆಯಿತು.

ಒಳಗೆ ಎರಡು ಬಗೆಯ ವ್ಯವಸ್ಥೆಯಿರುತ್ತದೆ. ಒಂದು, ಸಾಲಿನಲ್ಲಿ ನಿಂತು ಒಳಹೊಕ್ಕು ನಡೆದು ಹೊರಬರುವ ಭೂತಬಂಗಲೆಗಳು. ಇನ್ನೊಂದು, ಉದ್ಯಾನದ ಬೀದಿಗಳಲ್ಲೇ ವೇಷಧಾರಿಗಳು ಹೊಗೆಯ ನಡುವೆ ಅಡ್ಡಾಡುವ 'ಸ್ಕೇರ್ ಜೋನ್' ಪ್ರದೇಶಗಳು, ಇಲ್ಲಿ ಸಾಲಿಲ್ಲ. ಒಂದು ಬಂಗಲೆಯ ನಡಿಗೆ ಕೆಲವೇ ನಿಮಿಷಗಳದು, ಅದರ ಸಾಲು ವಾರಾಂತ್ಯದಲ್ಲಿ ಒಂದು ಗಂಟೆ ಮೀರಬಹುದು. ಬಾಗಿಲು ತೆರೆಯುವ ಮುನ್ನವೇ ಹೋಗಿ ನಿಲ್ಲಿ. ಮೊದಲ ಒಂದು ಗಂಟೆಯಲ್ಲಿ ಆದಷ್ಟು ಬಂಗಲೆಗಳನ್ನು ಮುಗಿಸಿ, ಸಾಲು ಉದ್ದವಾಗುವ ನಡುವಿನ ಹೊತ್ತನ್ನು ಬೀದಿಯ ವೇಷಗಳಿಗೂ ವೇದಿಕೆಯ ಪ್ರದರ್ಶನಕ್ಕೂ ಊಟಕ್ಕೂ ಬಿಡಿ. ಕೊನೆಯ ಒಂದು ಗಂಟೆಯಲ್ಲಿ ಸಾಲುಗಳು ಮತ್ತೆ ಕರಗುತ್ತವೆ. ಶನಿವಾರವೇ ಹೋಗುವ ಅನಿವಾರ್ಯವಿದ್ದರೆ ಉದ್ದದ ಸಾಲನ್ನು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಬಗ್ಗೆ ಯೋಚಿಸಬಹುದು. ವಾರದ ನಡುವಿನ ರಾತ್ರಿಗೆ ಅದು ಹಣ ಕಳೆದುಕೊಳ್ಳುವ ಬಾಬ್ತೆಂದೇ ನನ್ನ ಅಭಿಪ್ರಾಯ.

ನಿಮ್ಮ ಮನೆಯಲ್ಲಿ ಸಸ್ಯಾಹಾರ ಎಂದಾದರೆ ಲಿಟ್ಲ್ ಇಂಡಿಯಾದಲ್ಲಿ ಉಳಿದುಕೊಳ್ಳಿ. ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ದೋಸೆ, ಅನ್ನ ಸಾರು ಎಲ್ಲವೂ ಸಿಗುತ್ತದೆ. ಅಲ್ಲಿಂದ ಹಾರ್ಬರ್‌ಫ್ರಂಟ್‌ಗೆ ನಾರ್ತ್ ಈಸ್ಟ್ ಮಾರ್ಗದ ಮೆಟ್ರೋ ನೇರವಾಗಿದೆ, ಎಲ್ಲೂ ಬದಲಿಸಬೇಕಿಲ್ಲ. ಹಾರ್ಬರ್‌ಫ್ರಂಟ್‌ನ ವಿವೋಸಿಟಿ ಮಳಿಗೆಯಿಂದ ಸೆಂಟೋಸಾಕ್ಕೆ ಮೋನೋರೈಲು. ಮರಳುವಾಗ ಮಾತ್ರ ಮೆಟ್ರೋವನ್ನು ನಂಬಬೇಡಿ, ಕೊನೆಯ ಗಾಡಿಗಳು ನಡುರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ಟ್ಯಾಕ್ಸಿಯ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದಿಡಿ.

ತೋಟದ ಮನೆ (ಮೂಡಿಗೆರೆ)

ಬೇಸರಿಸಬೇಡಿ ತಂಗಿ, ಆದರೆ ಕೇಳದೆ ಇರಲಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆಯಿಟ್ಟು ಗೌರವದಿಂದ ನೆನೆಯುವ ನಾವು, ಅದಾದ ಕೆಲವೇ ದಿನಕ್ಕೆ ಸತ್ತವರ ವೇಷ ನೋಡಿ ಕಿರುಚಲು ಸಮುದ್ರ ದಾಟಿ ಹೋಗಬೇಕೇ? ಹೆದರಿಕೆಯೇ ಬೇಕೆಂದರೆ ಅಕ್ಟೋಬರ್ ಮಳೆಯ ರಾತ್ರಿ ಕರೆಂಟು ಹೋದಾಗ ನಮ್ಮ ತೋಟದ ದಾರಿಯಲ್ಲಿ ಒಂದು ಸುತ್ತು ಬನ್ನಿ, ಕಾಸು ಕೇಳುವುದಿಲ್ಲ. ಆನೆ ಎದುರಾದರೆ ಮಾತ್ರ ನಾನು ಜವಾಬ್ದಾರನಲ್ಲ.

ಅರಸೀಕೆರೆಯ ತೆಂಗು (ಸದ್ಯ ಓರ್ಲಾಂಡೊ)

ತೋಟದ ಮನೆಯ ಹಿರಿಯರೇ, ನಿಮ್ಮ ಆಕ್ಷೇಪಕ್ಕೆ ಅರ್ಧ ಉತ್ತರ ಆ ಹಬ್ಬದ ಮೂಲದಲ್ಲೇ ಇದೆ. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ, 2 ಸತ್ತವರೆಲ್ಲರನ್ನು ನೆನೆಯುವ ದಿನ. ಅವುಗಳ ಹಿಂದಿನ ಸಂಜೆಯೇ ಹ್ಯಾಲೋವೀನ್. ಅದಕ್ಕೂ ಹಿಂದೆ ಐರ್ಲೆಂಡಿನ ಕಡೆಯ ಕೆಲ್ಟಿಕ್ ಜನರ ಸೌಹಿನ್ ಎಂಬ ಸುಗ್ಗಿಯ ಕೊನೆಯ ಹಬ್ಬವಿತ್ತು. ಅಂದರೆ ಅವರಲ್ಲಿಯೂ ಇದು ಹಿರಿಯರು ಮರಳಿ ಬರುವ ಕಾಲವೆಂಬ ನಂಬಿಕೆಯಿಂದ ಹುಟ್ಟಿದ್ದೆಂದು ಹೇಳುತ್ತಾರೆ. ಉಳಿದರ್ಧ, ಈ ಉದ್ಯಾನಗಳಲ್ಲಿ ನಡೆಯುವುದು ಹಬ್ಬವಲ್ಲ, ಅಪ್ಪಟ ರಂಗವ್ಯಾಪಾರ. ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್ ಎಂಬ ಉದ್ಯಾನ 1973ರಲ್ಲಿ ಇದನ್ನು ಆರಂಭಿಸಿತು. ನಾನಿರುವ ಓರ್ಲಾಂಡೊದ ಯೂನಿವರ್ಸಲ್ 1991ರಲ್ಲಿ ಕೆಲವೇ ರಾತ್ರಿಗಳಿಗೆ ಒಂದೇ ಬಂಗಲೆಯೊಂದಿಗೆ ಶುರುಮಾಡಿ, ಈಗ ವರ್ಷಕ್ಕೆ ಹತ್ತು ಬಂಗಲೆಗಳವರೆಗೆ ಬಂದು ನಿಂತಿದೆ.

ಯಗಚಿ ತೀರ ಅವರೇ, ಒಳಗೆ ಹೇಗೆ ನಡೆಯಬೇಕೆಂಬುದರ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಅಲ್ಲಿಯೇ ಹೆಚ್ಚಿನವರು ತಮ್ಮ ಹಣವನ್ನು ಹಾಳುಮಾಡಿಕೊಳ್ಳುತ್ತಾರೆ. ದೊಡ್ಡ ಉದ್ಯಾನಗಳಲ್ಲಿ ಜನರನ್ನು ತುಂಡು ತುಂಡು ಗುಂಪಾಗಿ ಬಿಡುವುದಿಲ್ಲ, ಒಂದೇ ಸರಪಳಿಯಾಗಿ ಹರಿಸುತ್ತಾರೆ. ಗೋಡೆಯ ಹಿಂದಿನ ವೇಷಧಾರಿ ಹೊರಕ್ಕೆ ಚಿಮ್ಮಿ, ಮತ್ತೆ ಒಳಸರಿದು, ಕೆಲವು ಸೆಕೆಂಡು ಬಿಟ್ಟು ಮತ್ತೊಮ್ಮೆ ಚಿಮ್ಮುತ್ತಾನೆ. ನಿಮ್ಮ ಮುಂದಿನವರ ಬೆನ್ನಿಗೆ ಅಂಟಿಕೊಂಡು ನಡೆದರೆ ಅವರಿಗೆ ಆದ ಹೆದರಿಕೆಯನ್ನು ನೀವು ಸಿನಿಮಾದಂತೆ ನೋಡಿದಿರೇ ಹೊರತು ನಿಮಗೇನೂ ಆಗಲಿಲ್ಲ. ಆದ್ದರಿಂದ ಬಾಗಿಲು ದಾಟಿದ ಕೂಡಲೇ ನಡಿಗೆಯನ್ನು ತುಸು ನಿಧಾನಿಸಿ ಮುಂದಿನವರಿಂದ ನಾಲ್ಕೈದು ಹೆಜ್ಜೆಗಳ ಅಂತರ ಬೆಳೆಯಲು ಬಿಡಿ. ಪೂರ್ತಿ ನಿಂತುಬಿಟ್ಟರೆ ಸಿಬ್ಬಂದಿ ಟಾರ್ಚ್ ಆಡಿಸಿ ಮುಂದೆ ಕಳಿಸುತ್ತಾರೆ, ಹಿಂದಿನವರ ಅನುಭವವೂ ಕೆಡುತ್ತದೆ. ಹಿಂದೆ ತೀರ ಅವಸರದವರಿದ್ದರೆ ಒಳಹೋಗುವ ಮುನ್ನವೇ ಅವರನ್ನು ಮುಂದಕ್ಕೆ ಬಿಟ್ಟುಬಿಡಿ.

ಸಾಲಿನಲ್ಲಿ ನಿಂತಿರುವಾಗ ಫೋನ್ ನೋಡಬೇಡಿ. ಒಳಗೆ ಫೋಟೋ ತೆಗೆಯುವುದು ಹೇಗೂ ನಿಷಿದ್ಧ. ಅದಕ್ಕಿಂತ ಮುಖ್ಯವಾಗಿ, ನಮ್ಮ ಕಣ್ಣು ಕತ್ತಲಿಗೆ ಪೂರ್ತಿಯಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಪರದೆಯ ಬೆಳಕು ಅದನ್ನೆಲ್ಲ ಕ್ಷಣದಲ್ಲಿ ಅಳಿಸಿಹಾಕುತ್ತದೆ. ಅಷ್ಟೊಂದು ಕೌಶಲದಿಂದ ಕಟ್ಟಿದ ಗೋಡೆ, ಪೀಠೋಪಕರಣ, ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ಕಾಣದೆ ಬರಿಗಪ್ಪಿನಲ್ಲಿ ತಡವರಿಸಿ ಹೊರಬರುವುದು ನಷ್ಟವೇ ಸರಿ.

ಇನ್ನೊಂದು ಮಾತು. ಮಗಳು ವೇಷ ಹಾಕಿಕೊಂಡು ಹೋಗುವ ಯೋಚನೆಯಲ್ಲಿದ್ದರೆ ನಿಯಮ ಓದಿ. ಇಲ್ಲಿ ಓರ್ಲಾಂಡೊದಲ್ಲಿ ಪ್ರೇಕ್ಷಕರು ವೇಷವನ್ನಾಗಲಿ ಮುಖವಾಡವನ್ನಾಗಲಿ ಧರಿಸುವಂತಿಲ್ಲ, ಯಾರು ವೇಷಧಾರಿ, ಯಾರು ಪ್ರೇಕ್ಷಕ ಎಂಬ ಗೊಂದಲವಾಗಬಾರದೆಂಬ ಕಾರಣಕ್ಕೆ. ಹದಿಮೂರಕ್ಕಿಂತ ಚಿಕ್ಕವರಿಗೆ ಈ ಕಾರ್ಯಕ್ರಮ ತಕ್ಕುದಲ್ಲವೆಂದೂ ಇಲ್ಲಿ ಸ್ಪಷ್ಟವಾಗಿ ಹೇಳುತ್ತಾರೆ.

ಬೆಳಕು ಮತ್ತು ಧ್ವನಿ (ಹಾಸನ)

ಜಾತ್ರೆ, ವಸ್ತುಪ್ರದರ್ಶನಗಳಿಗೆ ಲೈಟು, ಸೌಂಡು ಹಾಕುವುದು ನನ್ನ ಕಸುಬು. ತಗಡಿನ ಭೂತಬಂಗಲೆಗಳ ಒಳಗಿನ ವೈರಿಂಗನ್ನೂ ಮಾಡಿದ್ದೇನೆ. ಅಲ್ಲಿರಲಿ ಇಲ್ಲಿರಲಿ, ಹೆದರಿಸುವ ಲೆಕ್ಕಾಚಾರ ಒಂದೇ. ಪ್ರೇಕ್ಷಕನ ಕಣ್ಣನ್ನು ಒಂದು ಕಡೆಗೆ ಎಳೆದು ಇನ್ನೊಂದು ಕಡೆಯಿಂದ ಹೊಡೆಯಬೇಕು. ಎಡಗಡೆ ಮಂಚದ ಮೇಲೆ ಒಂದು ಹೆಣ, ಅದರ ಮೇಲೆ ಚೆಂದದ ಒಂದು ದೀಪ ಇಟ್ಟಿದ್ದಾರೆಂದರೆ ಆ ಹೆಣ ಏಳುವುದಿಲ್ಲ, ಬಲಗಡೆಯ ಕಪ್ಪು ಗೋಡೆಯ ಹಲಗೆ ದಢಾರನೆ ಕೆಳಗೆ ಜಾರಿ ಅಲ್ಲಿಂದ ಒಬ್ಬ ನುಗ್ಗುತ್ತಾನೆ. ಇದನ್ನು ತಿಳಿದುಕೊಂಡರೆ ಎರಡು ರೀತಿಯಲ್ಲಿ ಉಪಯೋಗ. ನಿಮ್ಮ ಮಗಳಂತೆ ಹೆಚ್ಚು ಹೆದರಿಕೆ ಬೇಕೆನ್ನುವವರು ಅವರು ತೋರಿಸಿದ್ದನ್ನೇ ನಂಬಿಕೆಯಿಂದ ನೋಡುತ್ತಾ ಹೋಗಲಿ. ಕಡಿಮೆ ಬೇಕೆನ್ನುವವರು ಬೆಳಕಿದ್ದ ಕಡೆಯನ್ನು ಬಿಟ್ಟು ಅದರ ಎದುರಿನ ಕತ್ತಲೆಯ ಮೂಲೆಯನ್ನು ನೋಡುತ್ತಾ ಹೋಗಲಿ. ಬರುವುದು ಎಲ್ಲಿಂದ ಎಂದು ಗೊತ್ತಾದರೆ ಬೆಚ್ಚುವುದು ಅರ್ಧಕ್ಕರ್ಧ ಇಳಿಯುತ್ತದೆ.

ಎರಡನೆಯ ಸೂತ್ರ, ಜನರನ್ನು ಮುಂದಕ್ಕೆ ಹೆದರಿಸಬೇಕೇ ಹೊರತು ಹಿಂದಕ್ಕೆ ಅಲ್ಲ. ಎದುರಿನಿಂದ ಹೆದರಿಸಿದರೆ ಸಾಲು ಹಿಂದಕ್ಕೆ ಮುಗ್ಗರಿಸಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಹಾಗಾಗಿ ಬಹುಪಾಲು ಏಟುಗಳು ಪಕ್ಕದಿಂದ ಅಥವಾ ತುಸು ಹಿಂದಿನಿಂದ ಬರುತ್ತವೆ. ಹೆದರಿದಾಗ ಮುಂದಕ್ಕೆ ಹೆಜ್ಜೆಯಿಡುವುದನ್ನು ಅಭ್ಯಾಸ ಮಾಡಿಕೊಳ್ಳಿ, ಹಿಂದಕ್ಕೆ ಜಿಗಿದರೆ ಹಿಂದಿನವರ ಮೂಗು ಒಡೆಯುತ್ತದೆ.

ಗಾಳಿಯಲ್ಲಿ ತೇಲುವ, ಆರಪಾರ ಕಾಣುವ ಪಿಶಾಚಿ ಕಂಡರೆ ಮಾತ್ರ ಹೆದರುವ ಮೊದಲು ಒಂದು ಕ್ಷಣ ಕೈಮುಗಿಯಿರಿ. ಅದು ಬಹಳ ಹಳೆಯ ತಂತ್ರ. ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ 1862ರಲ್ಲಿ ಅದನ್ನು ಪ್ರದರ್ಶಿಸಿದ್ದರಿಂದ ಇಂದಿಗೂ 'ಪೆಪ್ಪರನ ಭೂತ' ಎಂದೇ ಕರೆಯುತ್ತಾರೆ. ಪ್ರೇಕ್ಷಕರ ಮುಂದೆ ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು, ಪಕ್ಕದಲ್ಲಿ ಅವರಿಗೆ ಕಾಣದ ಒಂದು ಕೋಣೆ. ಆ ಕೋಣೆಯ ಮೇಲೆ ಬೆಳಕು ಏರಿಸಿದಾಗ ಅಲ್ಲಿರುವವನ ಪ್ರತಿಬಿಂಬ ಗಾಜಿನಲ್ಲಿ ಮೂಡಿ ರಂಗದ ನಡುವೆ ನಿಂತಂತೆ ತೋರುತ್ತದೆ, ಬೆಳಕು ಇಳಿಸಿದರೆ ಮಾಯ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1969ರಲ್ಲಿ ತೆರೆದ ಹಾಂಟೆಡ್ ಮ್ಯಾನ್ಷನ್ನಿನ ನೃತ್ಯಶಾಲೆಯ ಭೂತಗಳೂ ಇದೇ ಗಾಜಿನ ಕೂಸುಗಳು. ಅಂದಹಾಗೆ, ಆ ಮ್ಯಾನ್ಷನ್‌ನಂತಹವು ಗಾಡಿಯಲ್ಲಿ ಕುಳಿತು ನೋಡುವಂಥವು, ಅಲ್ಲಿ ಯಾರೂ ಮೈಮೇಲೆ ನುಗ್ಗುವುದಿಲ್ಲ. ಮಕ್ಕಳಿಗೂ ವಯಸ್ಸಾದವರಿಗೂ ಹಿತವಾಗುವುದು ಆ ಬಗೆಯದು. ನೀವು ಹೋಗುತ್ತಿರುವುದು ಅದಲ್ಲ ಎಂಬುದು ನೆನಪಿರಲಿ.

ಬಣ್ಣದ ವೇಷ (ಕೊಪ್ಪ)

ನಾನು ಯಕ್ಷಗಾನದಲ್ಲಿ ರಾಕ್ಷಸ ಪಾತ್ರಗಳನ್ನು ಮಾಡುವವನು. ಹ್ಯಾಲೋವೀನ್ ಕಂಡವನಲ್ಲ, ಆದರೆ ಜನರನ್ನು ಹೆದರಿಸಿ ಬದುಕುವವರ ಕಷ್ಟ ಬಲ್ಲೆ, ಆ ಕಡೆಯಿಂದ ಎರಡು ಮಾತು ಹೇಳಬಹುದೆಂದು ಬರೆಯುತ್ತಿದ್ದೇನೆ.

ಮಹಿಷಾಸುರನ ವೇಷ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ, ಸಭೆಯ ಹಿಂಭಾಗದಿಂದ ದೀವಟಿಗೆಯ ಬೆಳಕಿನಲ್ಲಿ, ರಾಳದ ಪುಡಿ ಭುಗಿಲೆನ್ನುತ್ತಿರುವಾಗ, ಕೂತ ಜನರ ನಡುವಿನಿಂದಲೇ ಆರ್ಭಟಿಸುತ್ತಾ ನುಗ್ಗುತ್ತದೆ. ಆ ಹೊತ್ತಿನಲ್ಲಿ ವೇಷಧಾರಿಯ ಕಣ್ಣು ಒಂದನ್ನೇ ಹುಡುಕುತ್ತಿರುತ್ತದೆ: ಯಾರು ನನ್ನನ್ನು ಒಪ್ಪಿಕೊಂಡಿದ್ದಾರೆ? ಬಾಯಿ ತೆರೆದು ನೋಡುತ್ತಿರುವ ಮಗು, ಸೆರಗು ಬಾಯಿಗೆ ಒತ್ತಿಕೊಂಡ ಅಜ್ಜಿ, ಇವರಿಗಾಗಿ ಇನ್ನೊಂದು ಸುತ್ತು ಹಾಕಬೇಕೆನಿಸುತ್ತದೆ. ಕೈಕಟ್ಟಿ ನಿಂತು ಹಲ್ಲು ಕಿರಿಯುವ ಯುವಕನ ಮುಂದೆ ಎಷ್ಟು ಕುಣಿದರೂ ಅಷ್ಟೇ ಎಂದು ಕಾಲು ತಾನಾಗಿ ಮುಂದಕ್ಕೆ ಹೋಗುತ್ತದೆ. ನಿಮ್ಮ ಉದ್ಯಾನದ ವೇಷಧಾರಿಯೂ ಒಂದೇ ರಾತ್ರಿಯಲ್ಲಿ ಅದೇ ಗೂಡಿನಿಂದ ನೂರಾರು ಸಲ ಚಿಮ್ಮುವವನು. ನೀವು ಮನಸಾರೆ ಕಿರುಚಿದರೆ ಅದು ಅವನಿಗೆ ಸಿಗುವ ಚಪ್ಪಾಳೆ, ಮುಂದಿನ ಕೋಣೆಯವರೆಗೂ ಅವನು ನಿಮ್ಮನ್ನು ಹಿಂಬಾಲಿಸಿದರೆ ಆಶ್ಚರ್ಯವಿಲ್ಲ. ನನಗೆ ಹೆದರಿಕೆಯಾಗಲಿಲ್ಲ ಎಂದು ತೋರಿಸಿಕೊಳ್ಳುವುದಕ್ಕಾಗಿಯೇ ಹೋಗುವವರಿಗೆ ಕೊನೆಗೆ ಹೆದರಿಕೆಯಾಗದೆ ಹೋಗುತ್ತದೆ, ಗೆದ್ದವರು ಯಾರು ಹೇಳಿ.

ಅವರನ್ನು ಮುಟ್ಟಬೇಡಿ, ಮುಖವಾಡ ಎಳೆಯಬೇಡಿ, ಹೆದರಿದ ಭರದಲ್ಲಿ ಕೈಬೀಸಬೇಡಿ. ಕೈ ತಾನಾಗಿ ಏಳುವ ಸ್ವಭಾವದವರು ಎರಡು ಕೈಗಳನ್ನೂ ಎದೆಗೆ ಒತ್ತಿಕೊಂಡೇ ನಡೆಯುವುದು ಒಳ್ಳೆಯದು. ಹೊರಗೆ ಬಂದು, ಸಾಲಿನಲ್ಲಿ ನಿಂತವರ ಕಿವಿಗೆ ಬೀಳುವಂತೆ ಯಾವ ಮೂಲೆಯಲ್ಲಿ ಏನಿದೆಯೆಂದು ಹೇಳಬೇಡಿ, ಅದು ಅವರ ಟಿಕೆಟ್ಟಿನ ಹಣ ಕದ್ದಂತೆ.

ಮಗುವಿನ ಬಗ್ಗೆ ಕೇಳಿದ್ದೀರಿ. ನಮ್ಮ ಕಡೆ ಬಣ್ಣದ ವೇಷಕ್ಕೆ ಹೆದರಿ ಜ್ವರ ಹಿಡಿಸಿಕೊಳ್ಳುವ ಮಕ್ಕಳನ್ನು ದೊಡ್ಡವರು ಆಟಕ್ಕೆ ಮೊದಲು ವೇಷ ಕಟ್ಟುವ ಚೌಕಿಗೆ ಕರೆತರುತ್ತಾರೆ. ಪರಿಚಯದ ಮಾವನೊಬ್ಬ ಕನ್ನಡಿ ಹಿಡಿದು ಕೂತು, ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುತ್ತಾ, ನಡುನಡುವೆ ಕಾಫಿ ಕುಡಿಯುತ್ತಾ ರಾಕ್ಷಸನಾಗುವುದನ್ನು ಒಮ್ಮೆ ಕಂಡ ಮಗು ಆಮೇಲೆ ಹೆದರಿಕೊಂಡೇ ನಗುತ್ತದೆ. ನಿಮ್ಮ ಮಗನಿಗೂ ಇಂತಹ ಮುಖವಾಡ, ಬಣ್ಣಗಳನ್ನು ಹೇಗೆ ಮಾಡುತ್ತಾರೆಂಬ ವೀಡಿಯೊಗಳನ್ನು ಊರಿನಲ್ಲಿರುವಾಗಲೇ ತೋರಿಸಿ. ಅದನ್ನು ನೋಡುವಾಗಲೇ ಮುಖ ತಿರುಗಿಸಿದರೆ ಉತ್ತರ ಸಿಕ್ಕಂತಾಯಿತು.

ತೋಟದ ಮನೆ (ಮೂಡಿಗೆರೆ)

ಬಣ್ಣದ ವೇಷದವರ ಮಾತಿಗೆ ನಾನು ತಲೆಬಾಗಿದೆ. ಮಹಿಷಾಸುರ ಬರುವಾಗ ನಾನೂ ಅಪ್ಪನ ಕಂಬಳಿಯೊಳಗೆ ತೂರಿಕೊಂಡವನೇ, ಮರುವರ್ಷ ಮತ್ತೆ ಹೋಗುತ್ತೇನೆಂದು ಅತ್ತವನೂ ನಾನೇ. ಆದರೂ ಅವರಿಗೆ ಕೊಡುವ ಡಾಲರಿನ ಬಗ್ಗೆ ನನ್ನ ತಕರಾರು ಉಳಿದಿದೆ.

ನಾಡಿಮಿಡಿತ (ಚಿಕ್ಕಮಗಳೂರು)

ನಾನು ವೈದ್ಯೆ. ಇಲ್ಲಿ ಬಂದಿರುವ ಸಲಹೆಗಳೆಲ್ಲ ಒಪ್ಪುವಂತಹವೇ, ಆದರೆ ದೇಹದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಠಾತ್ ಸದ್ದಿಗೆ ಬೆಚ್ಚಿಬೀಳುವುದು ಮೆದುಳಿನ ಕಾಂಡದಿಂದ ಹೊರಡುವ ಪ್ರತಿವರ್ತನೆ. 'ಇದು ವೇಷ' ಎಂದು ಬುದ್ಧಿ ಹೇಳುವ ಮೊದಲೇ ರೆಪ್ಪೆ ಮುಚ್ಚಿ, ಹೆಗಲು ಮೇಲೆದ್ದು ಆಗಿರುತ್ತದೆ. ಅದರ ಬೆನ್ನಿಗೆ ಅಡ್ರಿನಲಿನ್ ಏರಿ ಎದೆ ಹೊಡೆದುಕೊಳ್ಳುತ್ತದೆ. ಮರುಕ್ಷಣವೇ ಅಪಾಯವಿಲ್ಲವೆಂದು ತಿಳಿದು ನಗು ಬರುತ್ತದೆ. ಈ ಏರಿಳಿತದಲ್ಲಿಯೇ ಸುಖವಿರುವುದು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ವೈಲೆ ಎಂಬ ಊರಿನ ಭೂತಬಂಗಲೆಯೊಂದರಲ್ಲಿ 110 ಜನರಿಗೆ ಹೃದಯಬಡಿತ ಅಳೆಯುವ ಸಾಧನ ಕಟ್ಟಿ ಒಳಗೆ ಕಳಿಸಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹೆದರಿಕೆ ಏರಿದಂತೆ ಒಂದು ಹಂತದವರೆಗೆ ಆನಂದವೂ ಏರುತ್ತದೆ, ಆ ಹಂತ ದಾಟಿದ ಮೇಲೆ ಹೆದರಿಕೆ ಹೆಚ್ಚಿದಷ್ಟೂ ಆನಂದ ಇಳಿಯುತ್ತದೆ. ಆ ಹದ ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ. ಐದು ಜನರ ಕುಟುಂಬವು ಒಂದೇ ಬಂಗಲೆಯಲ್ಲಿ ಒಂದೇ ರೀತಿ ನಲಿಯಬೇಕೆಂದು ಹಟ ಹಿಡಿದರೆ ಯಾರಾದರೂ ಒಬ್ಬರ ರಾತ್ರಿ ಕೆಡುವುದು ಖಚಿತ.

ಅದೇ ತಂಡದವರ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ. ಅದರಲ್ಲಿ ಕೆಲವರು ಆದಷ್ಟು ಹೆಚ್ಚು ಹೆದರಿಕೊಳ್ಳುವ, ಕೆಲವರು ಆದಷ್ಟು ಕಡಿಮೆ ಹೆದರಿಕೊಳ್ಳುವ ಗುರಿಯಿಟ್ಟುಕೊಂಡು ಒಳಹೋಗಿದ್ದರು. ಕಡಿಮೆ ಗುಂಪಿನವರು ಇದು ನಾಟಕವೆಂದು ತಮಗೆ ತಾವೇ ಹೇಳಿಕೊಂಡರು, ಅಗತ್ಯ ಬಿದ್ದಾಗ ಕಣ್ಣು ಮುಚ್ಚಿದರು, ಜೊತೆಯವರ ಕೈ ಹಿಡಿದರು. ಹೆಚ್ಚಿನ ಗುಂಪಿನವರು ಕಥೆಯಲ್ಲಿ ಮುಳುಗಿ, ತಡೆಯಿಲ್ಲದೆ ಕಿರುಚಿದರು. ಕೊನೆಗೆ ತೃಪ್ತಿ ಇಬ್ಬರಿಗೂ ಹೆಚ್ಚುಕಡಿಮೆ ಸಮಾನವಾಗಿತ್ತು. ಹಾಗಾಗಿ ಸೊಸೆಯ ಕೈ ಹಿಡಿದುಕೊಂಡು, ಅರೆಗಣ್ಣಿನಲ್ಲಿ ನಡೆದುಬಂದ ಅತ್ತೆ ಹಣ ಹಾಳುಮಾಡಿದರೆಂದು ಯಾರೂ ಹೇಳಬೇಕಾಗಿಲ್ಲ.

ಈಗ ಎಚ್ಚರಿಕೆಗಳು. ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಬಂಗಲೆಯೊಳಗೆ ಹೋಗಬಾರದು. ಅತ್ತೆಯವರಿಗೆ ರಕ್ತದೊತ್ತಡವಿದ್ದರೆ ಅವರನ್ನು ನೋಡುತ್ತಿರುವ ವೈದ್ಯರನ್ನು ಕೇಳಿಯೇ ನಿರ್ಧರಿಸಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಮಾತ್ರೆಯ ಹೊತ್ತು ತಪ್ಪದಂತೆ ನೋಡಿಕೊಳ್ಳಿ. ಯಂತ್ರದ ಹೊಗೆಯನ್ನು ಗ್ಲೈಕಾಲ್ ಅಥವಾ ಗ್ಲಿಸರಿನ್ ಬೆರೆತ ನೀರಿನಿಂದ ಮಾಡುತ್ತಾರೆ. ಸಾಮಾನ್ಯರಿಗೆ ಅದು ಗಂಟಲು ಕೆರೆಯುವಷ್ಟೇ, ಆದರೆ ಆಸ್ತಮಾ ಇರುವವರು ಇನ್‌ಹೇಲರನ್ನು ಚೀಲದಲ್ಲಲ್ಲ, ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಮಿನುಗುವ ಸ್ಟ್ರೋಬ್ ದೀಪಗಳು ಅಪಸ್ಮಾರವಿರುವ ಕೆಲವರಿಗೆ ಸೆಳೆತ ತರಿಸಬಲ್ಲವು. ಅಂತಹವರು ಒಳಹೋಗದಿರುವುದೇ ಸರಿ, ಅಕಸ್ಮಾತ್ ಎದುರಾದರೆ ಬರೇ ಕಣ್ಣು ಮುಚ್ಚಿದರೆ ಸಾಲದು, ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡು ಮುಖ ತಿರುಗಿಸಬೇಕು.

ಸಿಂಗಪುರದ ಸೆಖೆಯಲ್ಲಿ ಗಂಟೆಗಟ್ಟಲೆ ನಿಲ್ಲುವಾಗ ಭೂತಕ್ಕಿಂತ ಬೇಗ ಬೀಳಿಸುವುದು ನೀರಡಿಕೆ. ಹಾಸನದ ಹವೆಗೆ ಒಗ್ಗಿದ ಮೈ ಅದನ್ನು ತಡವಾಗಿ ಗಮನಿಸುತ್ತದೆ. ಸಂಜೆ ಹಗುರವಾಗಿ ಉಂಡು, ನೀರು ಕುಡಿಯುತ್ತಿರಿ. ಹೊಟ್ಟೆ, ಕಾಲು, ನಿದ್ದೆ ಈ ಮೂರರ ಕಾಟ ಇಲ್ಲದಿದ್ದರೆ ಮಾತ್ರ ಮನಸ್ಸು ಹೆದರಲು ಬಿಡುವಾಗಿರುತ್ತದೆ.

ಅರಸೀಕೆರೆಯ ತೆಂಗು (ಸದ್ಯ ಓರ್ಲಾಂಡೊ)

ಡಾಕ್ಟರ್ ಅವರ ಕೊನೆಯ ವಾಕ್ಯವನ್ನು ಬಂಗಲೆಗೆ ಹೋಗುವ ದಿನದ ಹಗಲಿಗೂ ಅನ್ವಯಿಸಿ. ಹಗಲಿಡೀ ಊರು ಸುತ್ತಿ ರಾತ್ರಿ ಇದಕ್ಕೆ ಬರುವವರು ಎರಡನೇ ಬಂಗಲೆಯ ಸಾಲಿನಲ್ಲೇ ಗೋಡೆಗೊರಗಿ ತೂಕಡಿಸುವುದನ್ನು ನೋಡಿದ್ದೇನೆ. ಆ ದಿನ ಮಧ್ಯಾಹ್ನ ಮಲಗಿ ಎದ್ದು ಹೋಗಿ.

ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬ ಪ್ರಶ್ನೆಯೂ ಬರುತ್ತದೆ. ಮುಂದಿನವರಿಗೆ ದೃಶ್ಯ ಪೂರ್ತಿ ಕಾಣುತ್ತದೆ, ಆದ್ದರಿಂದ ಮಗಳನ್ನು ಮುಂದೆ ಬಿಡಿ. ಹೆದರುವವರನ್ನು ನಡುವೆ ಹಾಕಿದರೆ ಅವರಿಗೆ ರಕ್ಷಣೆ.

ಬೆಳಕು ಮತ್ತು ಧ್ವನಿ (ಹಾಸನ)

ನಡುವೆ ಹಾಕಿದರೆ ರಕ್ಷಣೆ ಎಂಬುದನ್ನು ನಾನು ಒಪ್ಪುವುದಿಲ್ಲ ಸರ್. ಗೋಡೆಯ ಸಂದಿನಿಂದ ನೋಡುವವನಿಗೆ ಮೊದಲು ಕಾಣುವುದೇ ಇನ್ನೊಬ್ಬರ ಅಂಗಿ ಹಿಡಿದು ತಲೆ ತಗ್ಗಿಸಿ ಬರುವವರು. ಮುಂದಿನವರನ್ನು ಸುಮ್ಮನೆ ಬಿಟ್ಟು ನಡುವಿನವರಿಗೆ ಹೊಡೆದರೆ ಇಡೀ ಗುಂಪು ಒಂದೇ ಬಾರಿಗೆ ಚದುರುತ್ತದೆ. ನಿಜವಾಗಿಯೂ ಕಡಿಮೆ ಹೆದರಬೇಕೆಂದರೆ ತಲೆಯೆತ್ತಿ, ಸಮವಾದ ನಡಿಗೆಯಲ್ಲಿ, ವೇಷಧಾರಿ ಬಂದಾಗ ಅವನ ಕಡೆ ನೋಡಿ ತಲೆಯಾಡಿಸಿ ಮುಂದೆ ಹೋಗುವುದೇ ದಾರಿ. ಹೇಳುವುದು ಸುಲಭ ಎಂಬುದನ್ನೂ ಒಪ್ಪುತ್ತೇನೆ.

ಯಗಚಿ ತೀರ (ಹಾಸನ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಇದನ್ನೆಲ್ಲ ಗಟ್ಟಿಯಾಗಿ ಓದಿದ ಮೇಲೆ ನಾನು ಊಹಿಸದ ತೀರ್ಮಾನಗಳಾಗಿವೆ. ಮಗನಿಗೆ ಮುಖವಾಡ ಮಾಡುವ ವೀಡಿಯೊ ತೋರಿಸಿದೆವು. ಮಾಡುವುದನ್ನು ಕುತೂಹಲದಿಂದ ನೋಡಿದ, ಕೊನೆಯಲ್ಲಿ ಅದನ್ನು ಹಾಕಿಕೊಂಡವನು ಕ್ಯಾಮೆರಾ ಕಡೆ ತಿರುಗಿದೊಡನೆ ಎದ್ದು ಅಡುಗೆಮನೆಗೆ ಹೋದ. ಅವನಿಗೆ ಬೇರೊಂದು ದಿನ ಹಗಲಿನ ಉದ್ಯಾನ. ಅತ್ತೆಯವರು ಆ ರಾತ್ರಿ ಅವನ ಜೊತೆ ಹೋಟೆಲಿನಲ್ಲಿ ಇರುತ್ತಾರೆಂದು ನಾವು ಎಣಿಸಿದ್ದೆವು. ಆದರೆ ಬಣ್ಣದ ವೇಷದವರು ಬರೆದದ್ದನ್ನು ಕೇಳಿ, 'ರಾತ್ರಿಯಿಡೀ ಆಟ ನೋಡಿ ಬೆಳೆದವಳು ನಾನು, ನನ್ನನ್ನು ಬಿಟ್ಟು ಹೋಗುತ್ತೀರಾ' ಎಂದು ಅತ್ತೆಯವರೇ ಹೊರಟು ನಿಂತಿದ್ದಾರೆ. ಅವರ ರಕ್ತದೊತ್ತಡ ಹತೋಟಿಯಲ್ಲಿದೆ, ಡಾಕ್ಟರನ್ನು ಈ ವಾರ ಕಾಣುತ್ತೇವೆ. ಮಗನ ಜೊತೆ ಉಳಿಯಲು ಯಜಮಾನರು ಬಹಳ ಉತ್ಸಾಹದಿಂದ ಒಪ್ಪಿಕೊಂಡರು. ಆ ಉತ್ಸಾಹದ ಕಾರಣವನ್ನು ನಾವು ಕೇಳಲಿಲ್ಲ.

ಎರಡು ಸಣ್ಣ ಪ್ರಶ್ನೆಗಳು ಉಳಿದಿವೆ. ಅತ್ತೆಯವರು ಸೀರೆಯಲ್ಲೇ ಬರುತ್ತಾರೆ, ತೊಂದರೆಯಾದೀತೇ? ಒಳಗೆ ಹೋದ ಮೇಲೆ ಅವರಿಗೆ ಸಾಕೆನಿಸಿದರೆ ನಡುವೆ ಹೊರಬರಲು ಆಗುತ್ತದೆಯೇ?

ಬಣ್ಣದ ವೇಷ (ಕೊಪ್ಪ)

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರಂತಹ ಪ್ರೇಕ್ಷಕರು ಸಿಕ್ಕ ವೇಷಧಾರಿ ಪುಣ್ಯವಂತ.

ಸಕಲೇಶಪುರದ ಮಳೆ (ಸದ್ಯ ಸಿಂಗಪುರ)

ಸೀರೆಗೆ ಯಾರ ಅಡ್ಡಿಯೂ ಇಲ್ಲ. ಆದರೆ ನೆರಿಗೆಯನ್ನು ಪಾದದಿಂದ ತುಸು ಮೇಲಕ್ಕೆ ಎತ್ತಿ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಕತ್ತಲೆಯಲ್ಲಿ ಹಿಂದಿನವರು ತುಳಿಯುವ ಸಂಭವವಿದೆ. ಕಾಲಿಗೆ ಹಿಮ್ಮಡಿ ಕಟ್ಟಿಕೊಳ್ಳುವ ಚಪ್ಪಲಿ ಅಥವಾ ಕ್ಯಾನ್ವಾಸ್ ಶೂ ಇರಲಿ, ಸಡಿಲ ಚಪ್ಪಲಿ ಬಂಗಲೆಯೊಳಗೆ ಕಳಚಿದರೆ ಹುಡುಕಲು ಬಿಡುವುದಿಲ್ಲ. ಕನ್ನಡಕವಿದ್ದರೆ ದಾರ ಕಟ್ಟಿಕೊಳ್ಳಲಿ. ಸಂಜೆ ಮಳೆ ಬರುವುದು ಇಲ್ಲಿ ಮಾಮೂಲು, ಕೊಡೆಗಿಂತ ತೆಳುವಾದ ರೇನ್‌ಕೋಟ್ ಮೇಲು.

ನಡುವೆ ಹೊರಬರುವುದಕ್ಕೆ ತೊಂದರೆಯಿಲ್ಲ. ಒಳಗೆ ಅಲ್ಲಲ್ಲಿ ಕಪ್ಪು ಬಟ್ಟೆಯ ಸಿಬ್ಬಂದಿ ನಿಂತಿರುತ್ತಾರೆ. ವೇಷಧಾರಿಗಳಿಗೆ ಹೇಳಿ ಪ್ರಯೋಜನವಿಲ್ಲ, ಅವರು ಪಾತ್ರ ಬಿಟ್ಟು ಮಾತನಾಡುವುದು ಕಡಿಮೆ. ಟಾರ್ಚ್ ಹಿಡಿದವರನ್ನು ಹುಡುಕಿ ಕೈಯೆತ್ತಿದರೆ ಹತ್ತಿರದ ಪಕ್ಕದ ಬಾಗಿಲಿನಿಂದ ಹೊರಗೆ ಕಳಿಸುತ್ತಾರೆ. ಮೂವರೂ ಒಬ್ಬರಿಗೊಬ್ಬರು ತಪ್ಪಿಹೋಗದಂತೆ, ಅತ್ತೆಯವರು ಹೊರಟರೆ ಜೊತೆಗೆ ನೀವು ಹೊರಡುವುದೆಂದೂ ಮಗಳು ಮುಂದುವರಿದು ಆ ಬಂಗಲೆಯ ಮುಖ್ಯ ನಿರ್ಗಮನದ ಬಳಿಯೇ ಕಾಯುವುದೆಂದೂ ಸಾಲಿನಲ್ಲಿರುವಾಗಲೇ ಮಾತಾಡಿಕೊಳ್ಳಿ. ಮಗಳ ಫೋನಿಗೂ ಇಲ್ಲಿನ ಸಿಮ್ ಹಾಕಿಸಿಡಿ.